ಅನಂತಮೂರ್ತಿಯವರ ‘ಸಂಸ್ಕಾರ’ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬರ ಮನೆ ಮಹಡಿಯ ಮೇಲೆ ತಿಂಗಳಿಗೊಂದು ಭಾನುವಾರ ನಾವು ಹತ್ತು ಹನ್ನೆರಡು ಮಂದಿ ಸೇರಿ ಓದುತ್ತೇವೆ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದಿಂದ ಬೆಳಗಿನ ರೈಲು ಹಿಡಿದು ಬರುವವರೂ ಇದ್ದಾರೆ. ಈ ವರ್ಷ ಯು.ಆರ್. ಅನಂತಮೂರ್ತಿಯವರನ್ನು ಓದುತ್ತಿದ್ದೇವೆ ಅಂತ ಗೊತ್ತಾದ ಮೇಲೆ ಫೋನಿನಲ್ಲಿ, ವಾಟ್ಸಾಪಿನಲ್ಲಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವಾಗ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಇವೇ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕತೆಯ ಕೊನೆಯೂ ಈ ಉತ್ತರಗಳಲ್ಲಿ ಬರುತ್ತದೆ. ಮೊದಲು ಪುಸ್ತಕ ಓದಿಯೇ ಬರುತ್ತೇನೆ ಅನ್ನುವವರು ಮೊದಲನೆಯ ಉತ್ತರ ಮಾತ್ರ ಓದಿ ಅಲ್ಲಿಗೆ ನಿಲ್ಲಿಸಿ.

ಅವರನ್ನು ಇದುವರೆಗೆ ಓದಿಯೇ ಇಲ್ಲ. ಯಾವುದರಿಂದ ಶುರು ಮಾಡಲಿ?

‘ಘಟಶ್ರಾದ್ಧ’ ಅನ್ನುವ ಕತೆಯಿಂದ. ಒಂದೇ ಕೂತಿಗೆ ಮುಗಿಯುತ್ತದೆ. ವೇದ ಕಲಿಯಲು ಬಂದ ಚಿಕ್ಕ ಹುಡುಗನ ಕಣ್ಣಿನಲ್ಲಿ, ಗುರುಗಳ ವಿಧವೆ ಮಗಳು ಯಮುನಕ್ಕ ಬಸುರಿಯಾಗಿ, ಊರಿಗೆಲ್ಲ ಗೊತ್ತಾಗಿ, ಜಾತಿಯಿಂದ ಹೊರಬೀಳುವ ಕತೆ. ಘಟಶ್ರಾದ್ಧ ಅಂದರೆ ಬದುಕಿರುವವರಿಗೆ ಸತ್ತವರ ಕರ್ಮ ಮಾಡಿ, ಮಡಕೆ ಒಡೆದು, ಇನ್ನು ಇವರು ನಮ್ಮ ಪಾಲಿಗಿಲ್ಲ ಎಂದು ಕಳೆಯುವ ವಿಧಿ. ಅದನ್ನು ಓದಿ ಎರಡು ದಿನ ಬಿಟ್ಟು ‘ಸಂಸ್ಕಾರ’ ತೆಗೆದುಕೊಳ್ಳಿ. ಕತೆಯಲ್ಲಿ ಬದುಕಿರುವವಳಿಗೆ ಶ್ರಾದ್ಧ ಮಾಡುತ್ತಾರೆ. ಕಾದಂಬರಿಯಲ್ಲಿ ಸತ್ತವನಿಗೆ ಸಂಸ್ಕಾರ ಮಾಡಲು ಯಾರೂ ಮುಂದೆ ಬರುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಅನಂತಮೂರ್ತಿಯವರನ್ನು ಯಾವುದು ಕಾಡುತ್ತಿತ್ತು ಅನ್ನುವುದರ ಎಳೆ ಕೈಗೆ ಸಿಗುತ್ತದೆ.

ಆಮೇಲೆ ‘ಭಾರತೀಪುರ’ (1973), ‘ಅವಸ್ಥೆ’ (1978), ‘ಸೂರ್ಯನ ಕುದುರೆ’ ಕತೆ. ಯಾವ ಕ್ರಮದಲ್ಲಾದರೂ ಸರಿ.

ಇದರಲ್ಲಿ ಬರುವ ಆಚಾರ ವಿಚಾರ ನಮ್ಮ ಮನೆಗಳಲ್ಲಿಲ್ಲ. ನಮಗೆ ಅರ್ಥವಾಗುತ್ತಾ?

ಮಂಡ್ಯ ಕಡೆಯಿಂದ ಬರುವವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅರ್ಥವಾಗುತ್ತದೆ. ಆದರೆ ನಾಲ್ಕೈದು ಮಾತು ಮೊದಲೇ ಗೊತ್ತಿದ್ದರೆ ಓದು ಸಲೀಸು.

ಕತೆ ನಡೆಯುವುದು ಮಲೆನಾಡಿನ ದೂರ್ವಾಸಪುರ ಎಂಬ ಅಗ್ರಹಾರದಲ್ಲಿ. ಅಲ್ಲಿರುವವರು ಮಾಧ್ವರು. ಹತ್ತಿರದ ಪಾರಿಜಾತಪುರದವರು ಸ್ಮಾರ್ತರು. ಇಬ್ಬರೂ ಬ್ರಾಹ್ಮಣರೇ ಆದರೂ ಇವರ ಕಣ್ಣಿನಲ್ಲಿ ಅವರು ಒಂದು ಮೆಟ್ಟಿಲು ಕೆಳಗೆ. ಅಗ್ರಹಾರದ ನಾರಣಪ್ಪ ಎಂಬಾತ ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ಮನೆಗೆ ತಂದಿಟ್ಟುಕೊಂಡಿದ್ದ. ಸಾಲಿಗ್ರಾಮವನ್ನು ಹೊಳೆಗೆ ಎಸೆದ. ದೇವರ ಹೊಂಡದ ಮೀನು ಹಿಡಿದ. ಮುಸಲ್ಮಾನ ಗೆಳೆಯರನ್ನು ಮನೆಗೆ ಕರೆದು ಮಾಂಸ ತಿಂದ, ಕುಡಿದ. ಜಾತಿಯಿಂದ ಹೊರಹಾಕಬೇಕೆಂದರೆ, ಹಾಕಿದರೆ ಮುಸಲ್ಮಾನನಾಗಿ ಇಲ್ಲೇ ಉಳಿಯುತ್ತೇನೆ ಎಂದು ಬೆದರಿಸಿದ. ಹಾಗಾಗಿ ಹೊರಹಾಕಲಿಲ್ಲ. ಈಗ ಅವನು ಸತ್ತಿದ್ದಾನೆ. ಹೊರಹಾಕದೇ ಇದ್ದದ್ದರಿಂದ ಸತ್ತದ್ದು ಬ್ರಾಹ್ಮಣನೇ. ಬ್ರಾಹ್ಮಣನ ಹೆಣವನ್ನು ಬೇರೆ ಜಾತಿಯವರು ಮುಟ್ಟುವ ಹಾಗಿಲ್ಲ. ಆದರೆ ಬ್ರಾಹ್ಮಣನ ಹಾಗೆ ಬದುಕದವನ ಹೆಣಕ್ಕೆ ಕೈ ಹಾಕಿದರೆ ತಮ್ಮ ಬ್ರಾಹ್ಮಣ್ಯವೇ ಕೆಟ್ಟೀತೆಂಬ ಭಯ ಇವರಿಗೆ. ಮಕ್ಕಳಿಲ್ಲ, ದಾಯಾದಿಗಳೂ ನೆಂಟರೂ ಹಿಂದೆ ಸರಿಯುತ್ತಾರೆ.

ಇಲ್ಲಿ ಗೊತ್ತಿರಬೇಕಾದ ಇನ್ನೊಂದು ನಿಯಮವಿದೆ. ಅಗ್ರಹಾರದಲ್ಲಿ ಹೆಣ ಇರುವ ತನಕ ಯಾರೂ ಊಟ ಮಾಡುವ ಹಾಗಿಲ್ಲ, ದೇವರಿಗೆ ನೈವೇದ್ಯವಿಲ್ಲ. ಈ ಹಸಿವನ್ನು ಮರೆತು ಓದಿದರೆ ಕಾದಂಬರಿ ಬರೀ ಶಾಸ್ತ್ರದ ಚರ್ಚೆಯ ಹಾಗೆ ಕಾಣುತ್ತದೆ. ಹೊತ್ತು ಹೋದಂತೆ ಹೊಟ್ಟೆ ಚುರುಗುಟ್ಟುತ್ತದೆ, ಮಕ್ಕಳು ಅಳುತ್ತವೆ, ಬಿಸಿಲಿಗೆ ಹೆಣ ನಾರತೊಡಗುತ್ತದೆ. ಹಸಿವು ತಾಳಲಾರದೆ ಒಬ್ಬ ಆಚಾರ್ಯರು ಆ ಸ್ಮಾರ್ತರ ಮನೆಗೇ ಹೋಗಿ ಗುಟ್ಟಾಗಿ ತಿಂದು ಬರುತ್ತಾರೆ. ಅನಂತಮೂರ್ತಿಯವರು ಶಾಸ್ತ್ರವನ್ನು ಹೊಟ್ಟೆಯ ಪಕ್ಕದಲ್ಲಿಟ್ಟು ನೋಡುತ್ತಾರೆ.

ಮೊದಲ ಓದಿನ ದಿನ ನಮ್ಮಲ್ಲಿ ನಡೆದದ್ದನ್ನು ಹೇಳಬೇಕು. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮಂಡ್ಯದ ಹತ್ತಿರದ ಹಳ್ಳಿಯಿಂದ ಬರುತ್ತಾರೆ. ಅರ್ಧ ತಾಸು ಸುಮ್ಮನೆ ಕೇಳಿಸಿಕೊಂಡು, ‘ಅಲ್ಲ ಸಾ, ನಾಕು ಜನ ಹೆಗಲು ಕೊಡಕ್ಕೆ ಇಷ್ಟು ಮಾತಾ? ನಮ್ಮೂರಲ್ಲಿ ಆಗದೋನು ಸತ್ರೂ ಮಣ್ಣಿಗೆ ಹೋಯ್ತೀವಿ’ ಅಂದರು. ನಮಗೆಲ್ಲ ಸರಿ ಅನ್ನಿಸಿತು. ಟೀ ಬಂತು, ಮಾತು ಬೇರೆ ಕಡೆ ಹೊರಳಿತು. ಲೋಟ ಕೆಳಗಿಟ್ಟು ಅವರೇ ಮತ್ತೆ ಶುರು ಮಾಡಿದರು: ‘ಆಚೆ ಕೇರೀಲಿ ಸತ್ರೆ ಮಾತ್ರ ಹೋಗಕಿಲ್ಲ. ನಮ್ಮಪ್ಪ ಹೋಗ್ಲಿಲ್ಲ, ನಾನೂ ಹೋಗ್ಲಿಲ್ಲ.’ ಮಹಡಿಯ ಮೇಲೆ ಯಾರೂ ಮಾತಾಡಲಿಲ್ಲ. ಆ ದಿನದಿಂದ ‘ನಮಗೆ ಅರ್ಥವಾಗುತ್ತಾ’ ಎಂದು ಯಾರಾದರೂ ಕೇಳಿದರೆ ನನಗೆ ಆ ಹಿರಿಯರ ಕೈಯಲ್ಲಿದ್ದ ಟೀ ಲೋಟ ಕಣ್ಣಿಗೆ ಕಟ್ಟುತ್ತದೆ.

‘ಸಂಸ್ಕಾರ’ ಅಂದರೆ ಶವಸಂಸ್ಕಾರ ಅಂತಲಾ?

ಅದೂ ಹೌದು. ಹುಟ್ಟಿನಿಂದ ಸಾವಿನ ತನಕದ ಷೋಡಶ ಕರ್ಮಗಳು, ಒಳ್ಳೆಯ ನಡತೆ, ತಿದ್ದಿ ಹದ ಮಾಡುವುದು, ಹಿಂದಿನದರ ಗುರುತು ಮನಸ್ಸಿನ ಮೇಲೆ ಉಳಿಯುವುದು, ಎಲ್ಲವೂ ಆ ಒಂದೇ ಮಾತಿನಲ್ಲಿವೆ. ‘ಸಂಸ್ಕಾರ ಇಲ್ಲದವನು’ ಅಂತ ನಾವು ದಿನವೂ ಬೈಯುತ್ತೇವಲ್ಲ, ಅದೂ ಸೇರಿ. ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಈ ಮಾತನ್ನು ಅನುವಾದಿಸದೆ ಹಾಗೇ ಉಳಿಸಿ, ನಿಘಂಟಿನ ಅರ್ಥಗಳನ್ನು ಪುಸ್ತಕದ ಮೊದಲಿಗೇ ಕೊಟ್ಟರು. ರಾಮಾನುಜನ್ ಮೈಸೂರಿನಲ್ಲೇ ಹುಟ್ಟಿ, ಇಲ್ಲೇ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಅವರ ಅನುವಾದ ಬಂದದ್ದು 1976ರಲ್ಲಿ. ಕನ್ನಡ ಓದಲು ಬಾರದ ಮಕ್ಕಳಿಗೆ ಅದನ್ನೇ ಕೊಡಿ. ಕನ್ನಡ ಬಲ್ಲವರು ಕನ್ನಡದಲ್ಲೇ ಓದಬೇಕು.

ಇದನ್ನು ಇಂಗ್ಲೆಂಡಿನಲ್ಲಿ ಕೂತು ಬರೆದರಂತೆ. ನಮ್ಮ ಊರಿನ ಕತೆಯನ್ನು ಅಲ್ಲಿ ಕೂತು ಹೇಗೆ ಬರೆದರು?

ಹೌದು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್‌ಗೆ ಓದುತ್ತಿದ್ದಾಗ ಬರೆದರು. ಸ್ವೀಡನ್ನಿನ ಬರ್ಗ್‌ಮನ್ ಮಾಡಿದ ‘ದಿ ಸೆವೆಂತ್ ಸೀಲ್’ ಸಿನಿಮಾವನ್ನು ತಮಗೆ ಪಾಠ ಹೇಳುತ್ತಿದ್ದ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ನೋಡಿದ್ದೇ ಇದಕ್ಕೆ ಕಿಡಿ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ಯುರೋಪಿನ ಮಧ್ಯಯುಗದ ಪ್ಲೇಗಿನ ಕಾಲದ ಕತೆ. ಯುರೋಪಿನವರಿಗೆ ಮಧ್ಯಯುಗ ಪುಸ್ತಕದಲ್ಲಿರುವ ಸಂಗತಿ. ತಮಗಾದರೋ ಅದು ಬಾಲ್ಯದಲ್ಲಿ ಕಣ್ಣಾರೆ ಕಂಡ ಲೋಕ ಎಂದು ಅವರಿಗೆ ಹೊಳೆಯಿತು.

ಅವರು ಹುಟ್ಟಿದ್ದು 1932ರ ಡಿಸೆಂಬರ್ 21ರಂದು, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ಮೊದಲು ಕಲಿತದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಕಾದಂಬರಿಯ ಅಗ್ರಹಾರಕ್ಕೂ ಜಾತ್ರೆಗೂ ಅವೇ ಹೆಸರುಗಳಿವೆ. ಊರನ್ನು ಬಿಟ್ಟು ದೂರ ಹೋದ ಮೇಲೆಯೇ ಊರು ಇಷ್ಟು ಸ್ಪಷ್ಟವಾಗಿ ಕಂಡಿರಬೇಕು. ಹಳ್ಳಿ ಬಿಟ್ಟು ಮೈಸೂರಿಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲರ್ಧ ಓಡಿಸಿಕೊಂಡು ಹೋಯಿತು. ಮೂರನೆಯ ಭಾಗದಲ್ಲಿ ಪ್ರಾಣೇಶಾಚಾರ್ಯರು ನಡೆಯುತ್ತಾರೆ, ಯೋಚಿಸುತ್ತಾರೆ, ನಡೆಯುತ್ತಾರೆ. ಬಿಟ್ಟುಬಿಡಲೇ?

ಬಿಡಬೇಡಿ. ಅರ್ಧಕ್ಕೆ ಇಟ್ಟವರೆಲ್ಲ ಇಡುವುದು ಇಲ್ಲೇ.

ಪ್ರಾಣೇಶಾಚಾರ್ಯರು ಅಗ್ರಹಾರಕ್ಕೇ ದೊಡ್ಡ ಪಂಡಿತರು. ರೋಗಿಷ್ಠೆಯಾದ ಭಾಗೀರಥಿಯನ್ನು ತಿಳಿದೇ ಮದುವೆಯಾಗಿ, ಅವಳ ಸೇವೆಯನ್ನೇ ತಪಸ್ಸು ಮಾಡಿಕೊಂಡವರು. ಹೆಣದ ಪ್ರಶ್ನೆಗೆ ಅವರು ತಾಳೆಗರಿಯಲ್ಲಿ ಉತ್ತರ ಹುಡುಕುತ್ತಾರೆ, ಸಿಗುವುದಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದ ಕೇಳುತ್ತಾರೆ, ಅದೂ ಆಗುವುದಿಲ್ಲ. ಸೋತು ವಾಪಸು ಬರುವಾಗ ಕಾಡಿನ ಕತ್ತಲಲ್ಲಿ ಚಂದ್ರಿ ಕಾಲಿಗೆ ಬೀಳುತ್ತಾಳೆ, ಅಲ್ಲಿ ಅವರು ಅವಳನ್ನು ಕೂಡುತ್ತಾರೆ. ಇದಾದ ಸ್ವಲ್ಪದರಲ್ಲೇ ಭಾಗೀರಥಿ ಪ್ಲೇಗಿಗೆ ಸಾಯುತ್ತಾಳೆ. ಅವಳನ್ನು ಸುಟ್ಟು, ಉಟ್ಟ ಬಟ್ಟೆಯಲ್ಲಿ ಆಚಾರ್ಯರು ನಡೆಯುತ್ತಾ ಹೊರಟುಬಿಡುತ್ತಾರೆ. ಮೂರನೆಯ ಭಾಗ ಪೂರ್ತಿ ಆ ನಡಿಗೆ.

ಹೊರಗೆ ಏನೂ ನಡೆಯುವುದಿಲ್ಲ ಅನ್ನಿಸುವುದು ಅದಕ್ಕೇ. ಇದು ಆ ಕಾಲದ ಹೊಸ ಪಂಥದ ಬರಹಗಾರರಾದ ನವ್ಯದವರು ಕನ್ನಡ ಗದ್ಯಕ್ಕೆ ತಂದ ಹೊಸ ಪಟ್ಟು: ಘಟನೆ ಹಿಂದಕ್ಕೆ ಸರಿದು, ಮನಸ್ಸು ತನ್ನನ್ನೇ ಪಾಟೀಸವಾಲಿಗೆ ನಿಲ್ಲಿಸುವುದು. ನಾನಾಗಿ ಮಾಡಿದೆನೋ, ತಾನಾಗಿ ಆಯಿತೋ? ತಾನಾಗಿ ಆಗಿದ್ದರೂ ಹೊಣೆ ನನ್ನದಲ್ಲವೇ? ಒಂದೇ ಪ್ರಶ್ನೆ ಹತ್ತು ಸಲ ತಿರುಗಿ ಬರುತ್ತದೆ. ಕಣ್ಣಿನಲ್ಲಿ ಓದಿದರೆ ಬೇಸರ ಬರಬಹುದು. ನಾವು ಸರದಿಯ ಮೇಲೆ ಗಟ್ಟಿಯಾಗಿ ಓದಿದೆವು, ಒಬ್ಬರಿಗೆ ಎರಡು ಪುಟ. ಬಾಯಲ್ಲಿ ಬಂದಾಗ ಆ ವಾಕ್ಯಗಳು ಏದುಸಿರಿನ ಅಳತೆಗೆ ಕತ್ತರಿಸಿದ ಹಾಗಿದ್ದವು. ಓದುತ್ತಿದ್ದವರೊಬ್ಬರು ಮಧ್ಯೆ ನಿಲ್ಲಿಸಿ ನೀರು ಕೇಳಿದರು.

ಮೇಳಿಗೆಯ ಜಾತ್ರೆಯನ್ನಂತೂ ನಿಧಾನವಾಗಿ ಓದಿ. ದಾರಿಯಲ್ಲಿ ಅಂಟಿಕೊಂಡ ಪುಟ್ಟ ಎಂಬ ಮಾತಿನಮಲ್ಲ ಆಚಾರ್ಯರನ್ನು ಎಳೆದುಕೊಂಡು ಹೋಗುತ್ತಾನೆ. ಕಾಫಿ ಅಂಗಡಿ, ಕೋಳಿ ಅಂಕ, ಪದ್ಮಾವತಿಯ ಮನೆ. ಹೆಂಡತಿ ಸತ್ತ ಸೂತಕ ಮೈಮೇಲಿದೆ, ಆದರೂ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಎಲೆಯ ಮುಂದೆ ಕೂತ ಆ ಮನುಷ್ಯನಿಗೆ ಯಾರು ಗುರುತು ಹಿಡಿಯುತ್ತಾರೋ ಎಂಬ ದಿಗಿಲು. ಬದುಕಿನುದ್ದಕ್ಕೂ ಎಲ್ಲರೂ ಗುರುತಿಸಿ ಕೈ ಮುಗಿದ ಮನುಷ್ಯ ಅವರು.

ಕೊನೆಗೆ ಏನಾಯಿತು ಅಂತಲೇ ಹೇಳುವುದಿಲ್ಲವಲ್ಲ?

ಹೇಳುವುದಿಲ್ಲ. ದೂರ್ವಾಸಪುರದ ಕಡೆ ಹೋಗುವ ಗಾಡಿಯಲ್ಲಿ ಆಚಾರ್ಯರು ಕೂರುತ್ತಾರೆ. ಅಲ್ಲಿಗೆ ತಲುಪಲು ಇನ್ನೂ ನಾಲ್ಕೈದು ಗಂಟೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಎಲ್ಲರೆದುರು ಒಪ್ಪಿಕೊಂಡರೋ, ಮತ್ತೆ ಹಳೆಯ ಪ್ರಾಣೇಶಾಚಾರ್ಯರೇ ಆದರೋ, ಓದಿದವರು ಜಗಳವಾಡುತ್ತಲೇ ಇದ್ದಾರೆ. ಒಪ್ಪಿಕೊಳ್ಳುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ನಮ್ಮ ಗುಂಪಿನಲ್ಲಿ ಅರ್ಧ ಜನ ಇದನ್ನು ಒಪ್ಪಲಿಲ್ಲ.

ಚಂದ್ರಿಯನ್ನು ಬರೀ ದೇಹವಾಗಿ ತೋರಿಸಿದ್ದಾರೆ ಅನ್ನುತ್ತಾರೆ. ಹೆಂಗಸರು ಇದನ್ನು ಹೇಗೆ ಓದಬೇಕು?

ಈ ಆಕ್ಷೇಪಕ್ಕೆ ಆಧಾರವಿದೆ. ಅಗ್ರಹಾರದ ಹೆಂಗಸರೆಲ್ಲ ಬತ್ತಿದವರು, ಮುದುಡಿದವರು. ಚಂದ್ರಿ ಮತ್ತು ಕೇರಿಯ ಬೆಳ್ಳಿ ಮಾತ್ರ ತುಂಬಿದ ಮೈಯವರು. ಕೆಳಜಾತಿಯ ಹೆಣ್ಣು ಅಂದರೆ ಕಾಮ, ಫಲ, ಮಣ್ಣು. ಮೇಲ್ಜಾತಿಯ ಗಂಡಸಿನ ಆತ್ಮಸಂಕಟಕ್ಕೆ ಅವಳು ಮೆಟ್ಟಿಲು. ಹೀಗೆ ಓದಿ ಸಿಟ್ಟಾದ ಹೆಂಗಸರು ನಮ್ಮಲ್ಲಿದ್ದಾರೆ, ಅವರ ಸಿಟ್ಟು ನ್ಯಾಯವಾದದ್ದು. ಕೂಡಿದ ಮೇಲೆ ಆಚಾರ್ಯರಿಗೆ ಪುಟಗಟ್ಟಲೆ ಯೋಚನೆ ಕೊಟ್ಟ ಲೇಖಕರು ಚಂದ್ರಿಗೆ ಅಷ್ಟು ಪುಟ ಕೊಡಲಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೆ, ಚಂದ್ರಿ ಮಾಡುವ ಕೆಲಸಗಳನ್ನಷ್ಟೇ ಬೆರಳು ಮಡಚಿ ಎಣಿಸಿ ನೋಡಿ. ಹೆಣದ ಖರ್ಚಿಗೆಂದು ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ. ಅಲ್ಲಿಯ ತನಕ ಒಲ್ಲೆ ಒಲ್ಲೆ ಅನ್ನುತ್ತಿದ್ದವರ ಮನೆಗಳಲ್ಲಿ ಅದನ್ನು ಕಂಡ ಮೇಲೆ ಲೆಕ್ಕಾಚಾರ ಶುರುವಾಗುತ್ತದೆ. ಕಾಡಿನಲ್ಲಿ, ಹಸಿದ ಆಚಾರ್ಯರಿಗೆ ಮಡಿಲಿನಿಂದ ಬಾಳೆಹಣ್ಣು ತೆಗೆದು ತಿನ್ನಿಸುತ್ತಾಳೆ. ಆ ರಾತ್ರಿ ಒಬ್ಬಳೇ ನಾರಣಪ್ಪನ ಮನೆಗೆ ಹೋಗುತ್ತಾಳೆ. ಅಲ್ಲಿ ಮಲಗಿರುವುದು ತಾನು ಪ್ರೀತಿಸಿದವನಲ್ಲ, ಬ್ರಾಹ್ಮಣನೂ ಅಲ್ಲ, ಶೂದ್ರನೂ ಅಲ್ಲ, ಕೊಳೆಯುತ್ತಿರುವ ಒಂದು ಹೆಣ ಅನ್ನುವುದು ಅವಳಿಗೆ ತಿಳಿಯುತ್ತದೆ. ಗಾಡಿಯವನ ಹತ್ತಿರ ಹೋಗಿ ಕೇಳುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಲು ಅವನು ಹೆದರುತ್ತಾನೆ. ಅಲ್ಲಿಂದ ಮುಸಲ್ಮಾನರ ಕೇರಿಗೆ ಹೋಗಿ ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯನ್ನು ಕೇಳುತ್ತಾಳೆ. ಕಷ್ಟಕಾಲದಲ್ಲಿ ನಾರಣಪ್ಪ ಅವನಿಗೆ ನೆರವಾಗಿದ್ದ. ಅವನು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾನೆ. ಇಬ್ಬರೂ ಸೇರಿ ಹೆಣ ಸಾಗಿಸಿ ಸುಡುತ್ತಾರೆ. ಅವಳು ಅತ್ತು, ಬೆಳಗಿನ ಬಸ್ಸಿಗೆ ಕುಂದಾಪುರಕ್ಕೆ ಹೋಗುತ್ತಾಳೆ.

ಇದೆಲ್ಲ ಕಾದಂಬರಿಯ ನಡುವೆಯೇ ಆಗಿಹೋಗುತ್ತದೆ! ಅಗ್ರಹಾರದವರು ಆಮೇಲೂ ಹೆಣ ಒಳಗಿದೆ ಎಂದುಕೊಂಡೇ ಮೂಗು ಮುಚ್ಚಿಕೊಂಡು ಊರೂರು ಅಲೆಯುತ್ತಾರೆ, ಮಠದ ಸ್ವಾಮಿಗಳನ್ನು ಕೇಳಲು ಹೋಗುತ್ತಾರೆ. ಪ್ರಾಣೇಶಾಚಾರ್ಯರಿಗೂ ಗೊತ್ತಾಗುವುದಿಲ್ಲ. ಗೊತ್ತಿರುವುದು ಚಂದ್ರಿಗೆ, ಬ್ಯಾರಿಗೆ, ನಮಗೆ.

ಕಾಲೇಜಿನಲ್ಲಿ ಪಾಠ ಕೇಳಿದಾಗ ನನಗೆ ಈ ಪುಟಗಳ ಮೇಲೆ ಕಣ್ಣೇ ನಿಲ್ಲಲಿಲ್ಲ. ಆಚಾರ್ಯರ ದ್ವಂದ್ವದ ಬಗ್ಗೆ ಹತ್ತು ಅಂಕದ ಉತ್ತರ ಬರೆದು ಪಾಸಾದೆ. ಪ್ರಶ್ನೆಪತ್ರಿಕೆಯಲ್ಲಿ ಚಂದ್ರಿ ಇರಲಿಲ್ಲ. ನಲವತ್ತು ದಾಟಿದ ಮೇಲೆ, ನಮ್ಮ ಮನೆಯಲ್ಲೇ ಒಂದು ಸಾವು ಕಂಡು, ಹೆಣದ ಪಕ್ಕ ಯಾರು ಕೂರುತ್ತಾರೆ, ಯಾರು ಬಾಗಿಲಲ್ಲಿ ನಿಂತು ಮಾತಾಡುತ್ತಾರೆ ಅನ್ನುವುದನ್ನು ನೋಡಿದ ಮೇಲೆ ಮತ್ತೆ ಓದಿದೆ. ಆಗ ಈ ಕಾದಂಬರಿಯ ನಡುಗಂಬ ಇಲ್ಲಿದೆ ಅನ್ನಿಸಿತು. ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಉತ್ತರ ಆಗಲೇ ಕೊಟ್ಟಾಗಿದೆ. ಕೊಟ್ಟವಳ ಹತ್ತಿರ ಯಾರೂ ಕೇಳಲಿಲ್ಲ. ಲೇಖಕರು ಚಂದ್ರಿಯ ಒಳಗನ್ನು ಪೂರ್ತಿ ಬರೆಯಲಿಲ್ಲ ಅನ್ನುವ ದೂರನ್ನೂ, ಅವಳ ಕೈಯಲ್ಲೇ ಇಡೀ ಕತೆಯ ಕೀಲಿ ಇಟ್ಟರು ಅನ್ನುವುದನ್ನೂ ನಾನು ಒಟ್ಟಿಗೆ ನಂಬುತ್ತೇನೆ.

ಇದು ಬ್ರಾಹ್ಮಣರನ್ನು ಬೈಯಲು ಬರೆದ ಪುಸ್ತಕವೇ? ನಮ್ಮ ಮನೆಯ ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ.

1965ರಲ್ಲಿ ಪುಸ್ತಕ ಬಂದಾಗಿನಿಂದ ಈ ನೋವು ಇದೆ. ಮಾಧ್ವ ಮನೆತನದಲ್ಲಿ ಹುಟ್ಟಿದವರೇ ತಮ್ಮವರನ್ನು ಹೊಟ್ಟೆಬಾಕರು, ಆಸೆಬುರುಕರು ಎಂದು ಚಿತ್ರಿಸಿದರು ಅನ್ನುವ ಸಿಟ್ಟು. ಸಿನಿಮಾ ಆದಾಗ ಅದು ಇನ್ನೂ ಏರಿತು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿ, ಗಿರೀಶ ಕಾರ್ನಾಡ್ ಪ್ರಾಣೇಶಾಚಾರ್ಯರಾಗಿ, ಪಿ. ಲಂಕೇಶ್ ನಾರಣಪ್ಪನಾಗಿ, ಸ್ನೇಹಲತಾ ರೆಡ್ಡಿ ಚಂದ್ರಿಯಾಗಿ ಮಾಡಿದ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿಯಿತು. ಆಮೇಲೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಇಲಾಖೆಯ ತನಕ ಹೋಗಿ ಬಿಡುಗಡೆಯಾಯಿತು. 1970ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದದ್ದೂ ಅದಕ್ಕೇ, ಕನ್ನಡಕ್ಕೆ ಮೊದಲನೆಯದು.

ಬೈಯಲು ಬರೆದವರು ಪ್ರಾಣೇಶಾಚಾರ್ಯರನ್ನು ಇಷ್ಟು ಗೌರವದಿಂದ ಬರೆಯುವುದಿಲ್ಲ. ಮನೆಯ ಹಿರಿಯರಿಗೆ ಓದಿ ಹೇಳುವುದಾದರೆ, ಭಾಗೀರಥಿಗೆ ಆಚಾರ್ಯರು ಸ್ನಾನ ಮಾಡಿಸುವ ಮೊದಲ ಪುಟದಿಂದ ಶುರು ಮಾಡಿ. ಅದನ್ನು ಕೇಳಿಸಿಕೊಂಡ ಮೇಲೆ ಅವರೇ ಮುಂದೆ ಓದು ಅನ್ನಬಹುದು. ಬೇಡ ಅಂದರೆ ಒತ್ತಾಯ ಬೇಡ.

ನಾನು ಭೈರಪ್ಪನವರ ಓದುಗ. ನನಗೆ ಇಲ್ಲಿ ಜಾಗವಿದೆಯೇ?

ಖಂಡಿತ ಇದೆ. ಮೈಸೂರಿನಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಇಬ್ಬರೂ ಈ ಊರಿನಲ್ಲಿ ಓದಿದವರು, ಇಬ್ಬರೂ ಇಲ್ಲಿ ಬಹುಕಾಲ ಬಾಳಿದವರು. 2007ರಲ್ಲಿ ಭೈರಪ್ಪನವರ ‘ಆವರಣ’ ಕಾದಂಬರಿ ಬಂದಾಗ ಅನಂತಮೂರ್ತಿಯವರು ಅದನ್ನು ಬಹಿರಂಗವಾಗಿಯೇ ಟೀಕಿಸಿದರು, ಓದುಗರು ಎರಡು ಪಾಳೆಯವಾದರು. ಆ ಗಾಯ ಇನ್ನೂ ಮಾದಿಲ್ಲ.

ಆದರೆ ಭೈರಪ್ಪನವರ ‘ವಂಶವೃಕ್ಷ’ ಬಂದದ್ದೂ 1965ರಲ್ಲೇ. ನಂಜನಗೂಡಿನ ಕಪಿಲೆಯ ದಡದ ಶ್ರೀನಿವಾಸ ಶ್ರೋತ್ರಿಯರು ಶಾಸ್ತ್ರಬಲ್ಲ, ಸಂಯಮಿ, ವಂಶದ ಶುದ್ಧಿಯೇ ಉಸಿರಾದ ಮನುಷ್ಯ. ವಿಧವೆ ಸೊಸೆ ಕಾತ್ಯಾಯಿನಿ ಮೈಸೂರಿನ ಕಾಲೇಜಿಗೆ ಹೋಗಿ ಮರುಮದುವೆಯಾಗುತ್ತಾಳೆ. ಕೊನೆಗೆ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಗುಟ್ಟೇ ತಿಳಿದು ಕಾಲ ಕೆಳಗಿನ ನೆಲ ಕುಸಿಯುತ್ತದೆ. ಒಂದೇ ವರ್ಷ ಕನ್ನಡದಲ್ಲಿ ಇಬ್ಬರು ಪಂಡಿತರು ಹೀಗೆ ಬೇರು ಸಡಿಲಿ ನಿಂತರು. ಒಬ್ಬರ ಸಂಕಟದಲ್ಲಿ ಭೈರಪ್ಪನವರು ಘನತೆ ಕಂಡರು. ಇನ್ನೊಬ್ಬರ ಸಂಕಟದಲ್ಲಿ ಅನಂತಮೂರ್ತಿಯವರು ಬಿಡುಗಡೆಯ ಸಾಧ್ಯತೆ ಹುಡುಕಿದರು. ಎರಡನ್ನೂ ಒಂದೇ ತಿಂಗಳಲ್ಲಿ ಓದಿ ಬನ್ನಿ. ಆ ದಿನದ ಚರ್ಚೆ ಮಧ್ಯಾಹ್ನದ ಊಟದ ಹೊತ್ತು ಮೀರಿ ನಡೆಯುತ್ತದೆ ಅಂತ ಈಗಲೇ ಹೇಳಬಲ್ಲೆ.

ದಲಿತರ ಕಡೆಯಿಂದ ನೋಡಿದರೆ ಇದು ಮೇಲ್ಜಾತಿಯವರ ಒಳಜಗಳವಷ್ಟೇ ಅಲ್ಲವೇ?

ಈ ಪ್ರಶ್ನೆಯನ್ನು ಇಡೀ ಕನ್ನಡ ಸಾಹಿತ್ಯಕ್ಕೇ ಕೇಳಿದ್ದು ಇದೇ ಮೈಸೂರಿನಲ್ಲಿ. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಗಲಾಟೆಯಾಗಿ ಅವರು ಸಚಿವ ಸ್ಥಾನ ಕಳೆದುಕೊಂಡರು. ಆ ಕಿಚ್ಚಿನಿಂದ ದಲಿತ, ಬಂಡಾಯ ಬರಹ ಎದ್ದಿತು. ಹಾಗಾಗಿ ಈ ಕಾದಂಬರಿಯನ್ನು ಆ ಕಡೆಯಿಂದಲೂ ಓದಲೇಬೇಕು.

ಓದಿದರೆ ಕಾಣುವುದು ಇದು. ಪ್ಲೇಗಿಗೆ ಊರಾಚೆಯ ಕೇರಿಯಲ್ಲೂ ಜನ ಸಾಯುತ್ತಾರೆ. ಬೆಳ್ಳಿಯ ಅಪ್ಪ ಅಮ್ಮ ಸಾಯುತ್ತಾರೆ, ಹೆಣವಿದ್ದ ಗುಡಿಸಿಲಿಗೇ ಬೆಂಕಿ ಇಡುತ್ತಾರೆ. ಶಾಸ್ತ್ರವಿಲ್ಲ, ಸಭೆಯಿಲ್ಲ, ಕೆಲವೇ ಸಾಲು. ಅಗ್ರಹಾರದ ಒಂದು ಹೆಣಕ್ಕೆ ಇಡೀ ಪುಸ್ತಕ. ಲೇಖಕರು ಇದನ್ನು ತಿಳಿದೇ ಪಕ್ಕಪಕ್ಕ ಇಟ್ಟರು ಎಂದು ನಾನು ಓದುತ್ತೇನೆ. ಅಷ್ಟಾದರೂ ಆ ಗುಡಿಸಿಲಿನ ಒಳಗಿನಿಂದ ಅವರು ಬರೆಯಲಿಲ್ಲ ಅನ್ನುವುದು ನಿಜ. ‘ಭಾರತೀಪುರ’ದಲ್ಲಿ ಇಂಗ್ಲೆಂಡಿನಲ್ಲಿ ಓದಿ ಬಂದ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ಹೊರತಂದು ಮುಟ್ಟಿ ಮುಟ್ಟಿ ಎಂದು ದಲಿತರನ್ನು ಒತ್ತಾಯಿಸುತ್ತಾನೆ. ಅವರು ಹೆದರಿ ನಡುಗುತ್ತಾರೆ, ಇವನಿಗೆ ಸಿಟ್ಟು ಬರುತ್ತದೆ. ಉದ್ಧಾರ ಮಾಡಲು ಹೊರಟವನ ಕ್ರೌರ್ಯವನ್ನು ಅಷ್ಟು ಹತ್ತಿರದಿಂದ ತೋರಿಸಿದ ಪುಟಗಳು ಕನ್ನಡದಲ್ಲಿ ಕಡಿಮೆ. ಅಲ್ಲಿಂದ ದೇವನೂರ ಮಹಾದೇವರ ‘ಒಡಲಾಳ’ಕ್ಕೆ ಹೋಗಿ. ನಂಜನಗೂಡು ಸೀಮೆಯ ಮಾತು, ಸಾಕವ್ವನ ಮನೆ, ಒಂದು ರಾತ್ರಿ. ಒಳಗಿನಿಂದ ಬರೆಯುವುದು ಅಂದರೇನು ಅನ್ನುವುದು ಅಲ್ಲಿ ಕಾಣುತ್ತದೆ.

ಅವರ ರಾಜಕೀಯ ಮಾತುಗಳನ್ನು ಒಪ್ಪದವರು ಅವರನ್ನು ಯಾಕೆ ಓದಬೇಕು?

ನರೇಂದ್ರ ಮೋದಿಯವರು ಪ್ರಧಾನಿಯಾಗುವ ದೇಶದಲ್ಲಿ ಬದುಕಲು ಇಷ್ಟಪಡುವುದಿಲ್ಲ ಎಂದು 2013ರಲ್ಲಿ ಅವರು ಆಡಿದ ಮಾತು ದೊಡ್ಡ ಗದ್ದಲವಾಯಿತು. ಭಾವಾವೇಶದಲ್ಲಿ ಆಡಿದ ಮಾತು ಎಂದು ಆಮೇಲೆ ಅವರೇ ಹೇಳಿದರು. 2014ರ ಆಗಸ್ಟ್ 22ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ರಾಜ್ಯದಲ್ಲಿ ಕೆಲವು ಕಡೆ ಪಟಾಕಿ ಹಚ್ಚಿದ ಸುದ್ದಿ ಬಂತು.

ಆ ಸುದ್ದಿ ಓದಿದ ಸಂಜೆ ನಾನು ‘ಸಂಸ್ಕಾರ’ವನ್ನು ಕಪಾಟಿನಿಂದ ತೆಗೆದೆ. ನಮಗಾಗದವನು ಸತ್ತರೆ ಅವನ ಹೆಣಕ್ಕೆ ನಾವೇನು ಸಲ್ಲಿಸಬೇಕು ಅನ್ನುವ ಒಂದೇ ಪ್ರಶ್ನೆಗೆ ಆ ಮನುಷ್ಯ ಮೂವತ್ತೆರಡು ತುಂಬುವ ಹೊತ್ತಿನಲ್ಲಿ ಇಡೀ ಪುಸ್ತಕ ಬರೆದಿದ್ದರು. ನೀವು ಅವರ ಮಾತನ್ನು ಒಪ್ಪದಿದ್ದರೆ ಒಪ್ಪಬೇಡಿ. ನಮ್ಮಲ್ಲಿ ಒಪ್ಪದವರು ಇದ್ದಾರೆ, ಪ್ರತಿ ಸಲ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಹೇಳಿಕೆ ಒಂದು ದಿನದ ಪೇಪರಿನದು. ಪುಸ್ತಕವನ್ನು ಓದಿ, ಅದರ ಜೊತೆ ಜಗಳ ತೆಗೆಯಿರಿ.

ಅವರಿಗೂ ಮೈಸೂರಿಗೂ ಏನು ನಂಟು?

ಮಹಾರಾಜಾ ಕಾಲೇಜಿನಲ್ಲಿ ಓದಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳಿದರು. 1987ರಲ್ಲಿ ಕೊಟ್ಟಾಯಂನ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಹೋಗುವ ತನಕ ಈ ಊರಿನವರೇ. ಜ್ಞಾನಪೀಠ ಬಂದದ್ದು 1994ರ ಸಾಲಿಗೆ, ಕನ್ನಡಕ್ಕೆ ಆರನೆಯದು. ವಿಶ್ವವಿದ್ಯಾಲಯದ ಆವರಣವಾದ ಗಂಗೋತ್ರಿಯಲ್ಲಿ ಅವರ ಪಾಠ ಕೇಳಿದವರು ಈಗಲೂ ಸಿಗುತ್ತಾರೆ, ‘ಮೇಷ್ಟ್ರು’ ಎಂದೇ ಮಾತು ಶುರು ಮಾಡುತ್ತಾರೆ.

ಪಿಯುಸಿ ಓದುವ ಮಗಳಿಗೆ ಕೊಡಬಹುದೇ?

ಕೊಡಿ. ನೀವೂ ಓದಿ, ಇಬ್ಬರೂ ಮಾತಾಡಿ.

ಸಿನಿಮಾ ನೋಡಿದರೆ ಸಾಲದೇ?

ಸಾಲದು. ಮೂರನೆಯ ಭಾಗ ಕಾಣುವಂಥದ್ದಲ್ಲ, ಕೇಳುವಂಥದ್ದು.

ಬರುವಾಗ ಏನು ತರಬೇಕು?

ಪುಸ್ತಕ ತನ್ನಿ. ಯಾವ ಮುದ್ರಣವಾದರೂ ಆದೀತು, ಎರವಲು ತಂದದ್ದಾದರೂ ಸರಿ. ನಾನು ಮೊದಲು ಓದಿದ್ದು ಒಂದು ಗ್ರಂಥಾಲಯದ ಹಳೆಯ ಪ್ರತಿ. ಆಚಾರ್ಯರು ಮತ್ತು ಚಂದ್ರಿ ಸೇರುವ ಪುಟದ ಅಂಚು ಎಷ್ಟೋ ಬೆರಳು ತಗುಲಿ ಮೆತ್ತಗಾಗಿತ್ತು, ಅದೇ ಪುಟದಲ್ಲಿ ಎರಡು ಸಾಲುಗಳ ಮೇಲೆ ಯಾರೋ ನೀಲಿ ಪೆನ್ನಿನಿಂದ ಒತ್ತಿ ಒತ್ತಿ ಗೀಚಿದ್ದರು. ಬೆಳಕಿಗೆ ಹಿಡಿದರೂ ಅಕ್ಷರ ಕಾಣಲಿಲ್ಲ. ಆ ಎರಡು ಸಾಲಿನಲ್ಲಿ ಏನಿತ್ತು ಅನ್ನುವುದು ನಾನು ಸ್ವಂತ ಪ್ರತಿ ಕೊಳ್ಳುವ ತನಕ ಗೊತ್ತಾಗಲಿಲ್ಲ. ಗುರುತು ಹಾಕಿಕೊಳ್ಳಲು ಪೆನ್ಸಿಲ್ ತನ್ನಿ, ಪೆನ್ನು ಬೇಡ. ಮಂಡ್ಯದ ಕಡೆಯಿಂದ ಬರುವವರು ರೈಲು ತಡವಾದರೆ ಒಂದು ಫೋನ್ ಮಾಡಿ, ನೀವು ಬರುವ ತನಕ ಓದು ಶುರು ಮಾಡುವುದಿಲ್ಲ.